ಬಾಗಿಲವರೆಗಿನ ಲೆಕ್ಕ

ಮನೆಯಿಂದ,
ಅಡುಗೆಮನೆಯ ಮೇಜು,
ಗುರುವಾರ, ಊಟದ ಪಾತ್ರೆ ತೊಳೆದಿಟ್ಟ ಮೇಲೆ

ಪ್ರೀತಿಯ ಗಿಣೀ,

ಅತ್ತೆಯ ಆಶೀರ್ವಾದ. ಹೇಗಿದ್ದೀಯ? ಚೆನ್ನಾಗಿದ್ದೇನೆ ಎಂದು ಮಾತ್ರ ಬರೆಯಬೇಡ. ಆ ಮಾತನ್ನು ನಿಮ್ಮ ಆಫೀಸಿನಲ್ಲಿ ಎಲ್ಲರೂ ಹೇಳಿ ಹೇಳಿ ಸವೆಸಿಬಿಟ್ಟಿದ್ದೀರಿ. ಹೊಟ್ಟೆಗೆ ಏನು ಬೀಳುತ್ತಿದೆ, ನಿದ್ದೆ ಬರುತ್ತಿದೆಯಾ, ತಲೆ ಬಾಚಿಕೊಳ್ಳುತ್ತೀಯಾ ಇಲ್ಲವಾ, ಅದನ್ನು ಬರಿ. ನಿನ್ನ ಅಕ್ಕ ಫೋನು ಮಾಡಿದ್ದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೀಯಂತೆ. ಫೋನು ಬಡಿದುಕೊಂಡರೆ ಎದ್ದು ಹಿತ್ತಿಲಿಗೆ ಹೋಗಿ, ಸದ್ದು ನಿಂತ ಮೇಲೂ ಅಲ್ಲೇ ನಿಂತಿರುತ್ತೀಯಂತೆ. ಪಾಪ ಅವಳು ತನ್ನ ಫೋನನ್ನು ಬಟ್ಟೆಯಲ್ಲಿ ಸುತ್ತಿ ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಾಳೆ. ಬೇಕಾದವರು ಮನೆಗೇ ಬರಲಿ ಅಂದಳು. ಅಕ್ಕ ಅಂದರೆ ಹಾಗಿರಬೇಕು. ಅದಕ್ಕೇ ಈ ಕಾಗದ. ಇದು ಬಡಿದುಕೊಳ್ಳುವುದಿಲ್ಲ. ಬೇಕಾದಾಗ ಓದು, ಸಾಕಾದಾಗ ಮಡಚಿಡು. ನಾನು ಬರೆಯುವುದು ಮರೆತು ಎಷ್ಟೋ ವರ್ಷವಾಯಿತು, ಅಕ್ಷರ ಅಂಕುಡೊಂಕಾಗಿವೆ, ನಗಬೇಡ. ನಗಬೇಕು ಅನ್ನಿಸಿದರೆ ನಗು, ಅಷ್ಟಾದರೂ ಆಗಲಿ.

ನನ್ನ ಆರೋಗ್ಯ ವಿಚಾರಿಸುವವಳು ನೀನೊಬ್ಬಳಿದ್ದೆ, ಈಗ ನಾನೇ ಹೇಳಿಕೊಳ್ಳುತ್ತೇನೆ. ಮಂಡಿ ಹಾಗೇ ಇದೆ. ನೀನು ತಂದಿಟ್ಟ ಎಣ್ಣೆ ಮುಗಿಯಿತು, ನಿನ್ನ ಗಂಡ ಹುಡುಕಿ ತಂದದ್ದರಲ್ಲಿ ವಾಸನೆ ಒಂದೇ ಇದೆ, ಗುಣ ಇಲ್ಲ. ಅವನ ವಿಷಯ ಕೇಳು. ಎರಡು ಮಹಡಿಗಳ ನಡುವೆ ಲಿಫ್ಟಿನಲ್ಲಿ ಸಿಕ್ಕಿಬಿದ್ದವರನ್ನು ಎಳೆದು ಹೊರಗೆ ತೆಗೆಯುವುದು ಅವನ ಕಸುಬು, ಈಗ ಅಮ್ಮನಿಗೂ ಹೆಂಡತಿಗೂ ನಡುವೆ ತಾನೇ ಸಿಕ್ಕಿಕೊಂಡು ಕೂತಿದ್ದಾನೆ. "ನೀನು ಹಾಗೆ ಹೇಳಬಾರದಿತ್ತು ಅಮ್ಮಾ" ಅನ್ನುತ್ತಾನೆ. ಮತ್ತೆ ಹೇಗೆ ಹೇಳಬೇಕಿತ್ತೋ ಎಂದರೆ, "ಹೇಳ್ಬೇಕಿತ್ತು, ಆದ್ರೆ ಹಾಗಲ್ಲ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಎದ್ದು ಹೋಗುತ್ತಾನೆ. ಎದುರುಮನೆಯ ಟೈಲರ್ ಹೆಂಗಸಂತೂ ತೀರ್ಪು ಕೊಟ್ಟಾಗಿದೆ, ಅತ್ತೆಯ ಕಾಟ ತಡೆಯಲಾರದೆ ಸೊಸೆ ಗಂಟುಮೂಟೆ ಕಟ್ಟಿ ಅಕ್ಕನ ಮನೆ ಸೇರಿದಳು ಎಂದು. ನಾನೂ ಇಲ್ಲ ಅನ್ನಲಿಲ್ಲ. ನಿಜವಾದ ಕಾರಣ ಬಿಡಿಸಿ ಹೇಳುವುದಕ್ಕಿಂತ ಅತ್ತೆಯ ಕಾಟ ಅನ್ನುವುದು ಸುಲಭ. ಅದು ಎಲ್ಲರಿಗೂ ಅರ್ಥವಾಗುತ್ತದೆ.

ಸೋಮವಾರ ನಿಮ್ಮ ನಗು ಮೇಡಂ ಬಂದಿದ್ದಳು. ತುರ್ತು ಕರೆ ಎತ್ತುವ ನಿಮ್ಮೆಲ್ಲರ ಮನಸ್ಸು ನೋಡಿಕೊಳ್ಳಲಿಕ್ಕೆಂದೇ ಆಫೀಸಿನವರು ಸಂಬಳ ಕೊಟ್ಟು ಇಟ್ಟುಕೊಂಡಿರುವ ಹೆಂಗಸು. ಹೆಸರು ನೀವೇ ಇಟ್ಟದ್ದು, ಸರಿಯಾಗಿಯೇ ಇಟ್ಟಿದ್ದೀರಿ. ಹೊಸಿಲು ದಾಟುವಾಗ ಕಾಲು ಎಡವಿದರೂ ನಕ್ಕಳು. ಕೈಯಲ್ಲಿ ಹಣ್ಣಿನ ಬುಟ್ಟಿ, ಅದಕ್ಕೆ ಪ್ಲಾಸ್ಟಿಕ್ ಹೊದಿಕೆ, ಹೊದಿಕೆಗೆ ರಿಬ್ಬನ್ನು. "ನಿಮ್ಮ ಸೊಸೆ ನಮ್ಮ ಕುಟುಂಬದವಳು ಅಮ್ಮಾ, ನಾವೆಲ್ಲ ಅವಳ ಜೊತೆ ಇದ್ದೀವಿ" ಅಂದಳು. ಒಳ್ಳೆಯದಾಯಿತು ಅಂದೆ. ಚಹಾ ಕುಡಿದಳು. ಆಮೇಲೆ ಬಂದ ಕೆಲಸ ಹೊರಗೆ ಬಂತು. ಈ ತಿಂಗಳ ಕೊನೆಯೊಳಗೆ ನೀನು ಬಂದು ಕುರ್ಚಿಯಲ್ಲಿ ಕೂರಬೇಕಂತೆ, ಇಲ್ಲವಾದರೆ ತಾನಾಗಿಯೇ ಕೆಲಸ ಬಿಟ್ಟಳು ಎಂದು ಬರೆದುಕೊಳ್ಳುತ್ತಾರಂತೆ. "ಕುಟುಂಬದೋರು ಗಡುವು ಕೊಡ್ತಾರಾ?" ಎಂದು ಕೇಳಿದೆ. ನಕ್ಕಳು. ಅಷ್ಟರೊಳಗೆ ನಿನ್ನ ಮನಸ್ಸು ಸರಿಮಾಡಲಿಕ್ಕೆ ಒಂದು ಫೋನ್ ನಂಬರು ಕೊಟ್ಟಳು, ಯಾವ ಹೊತ್ತಿನಲ್ಲಿ ಮಾಡಿದರೂ ಕೇಳಿಸಿಕೊಳ್ಳುವವರು ಇದ್ದಾರೆ ಎಂದಳು. ನನಗೆ ತಲೆ ಕೆಟ್ಟಿತು. "ಫೋನಿನ ಸದ್ದಿಗೇ ನಡುಗ್ತಾ ಕೂತಿರೋಳಿಗೆ ನೀವು ತಂದಿರೋ ಔಷಧಿ ಇನ್ನೊಂದು ಫೋನಾ?" ಅಂದುಬಿಟ್ಟೆ.

ಆ ನಂಬರಿನ ಕಥೆ ನೀನೇ ನನಗೆ ಹೇಳಿದ್ದೆಯಲ್ಲ. ಅದಕ್ಕೆ ಕರೆ ಮಾಡಿದವರು ಯಾರು ಎಂದು ಸಂಜೆಯೊಳಗೆ ಮೇಲಿನವರಿಗೆ ತಿಳಿಯುತ್ತದೆ, ಮರುದಿನ ಅವರನ್ನು ಕರೆದು ಬೆನ್ನು ತಟ್ಟಿ 'ಹಗುರ ಕೆಲಸ' ಎಂದು ಉಗ್ರಾಣಕ್ಕೆ ಹಾಕುತ್ತಾರೆ, ಅಲ್ಲಿ ಕೂತು ಹಳೆಯ ವೈರು ಸುತ್ತಬೇಕು ಎಂದು. ಅದಕ್ಕೇ ಯಾರೂ ಕರೆ ಮಾಡುವುದಿಲ್ಲ. ಯಾರೂ ಕರೆ ಮಾಡದ್ದರಿಂದ ನಿಮ್ಮಲ್ಲಿ ಎಲ್ಲರ ಮನಸ್ಸೂ ಗಟ್ಟಿಯಾಗಿದೆ ಎಂದು ಮೇಲಿನವರು ತೀರ್ಮಾನಿಸಿದ್ದಾರೆ. ಅರ್ಧ ಕುರ್ಚಿ ಖಾಲಿ, ಕರೆಗಳು ದುಪ್ಪಟ್ಟು. ಜನ ಕೊಡಿ ಎಂದರೆ ಉಸಿರಾಟದ ಪಾಠ ಕೊಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೇಡಂ ಹೊರಡುವಾಗ ಮೆಟ್ಟಿಲ ಬಳಿ ಚಪ್ಪಲಿ ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡಳು. ನೋಡಿದರೆ ಪಟ್ಟಿಯನ್ನು ತಪ್ಪು ತೂತಿಗೆ ಸಿಕ್ಕಿಸಿ, ಬಿಚ್ಚಿ, ಮತ್ತೆ ಸಿಕ್ಕಿಸುತ್ತಿದ್ದಳು. ಇವಳನ್ನು ಕೇಳುವವರೂ ಯಾರೂ ಇಲ್ಲವೇನೋ ಅನ್ನಿಸಿತು. ಅನ್ನಿಸಿತು ಅಷ್ಟೇ, ಕನಿಕರ ಬರಲಿಲ್ಲ. ಹಣ್ಣನ್ನು ಟೈಲರ್ ಮನೆಗೆ ಕೊಟ್ಟುಬಿಟ್ಟೆ.

ನಿನ್ನ ಕೆಲಸ ಅಂದರೆ ಏನು ಎಂದು ಮದುವೆಯಾದ ಹೊಸತರಲ್ಲಿ ನನಗೂ ಗೊತ್ತಿರಲಿಲ್ಲ ಗಿಣಿ. ತಣ್ಣಗಿನ ಕೋಣೆಯಲ್ಲಿ ಕೂತು ಫೋನಿನಲ್ಲಿ ಮಾತಾಡುವುದೂ ಒಂದು ಕೆಲಸವಾ ಎಂದು ಮೂಗು ಮುರಿದಿದ್ದೆ. ಆಮೇಲೊಂದು ದಿನ ಮನೆಯವರೆಲ್ಲ ಬಂದು ನೋಡಿ ಎಂದು ಕರೆದರಲ್ಲ, ಆಗ ನೋಡಿದೆ. ಕಿಟಕಿಯಿಲ್ಲದ ಹಾಲು. ಸಾಲು ಮೇಜು, ಕಿವಿಗೆ ಹೆಡ್‌ಫೋನು, ಎದುರಿಗೆ ಪರದೆ. ಮೂಲೆಯಲ್ಲಿ ಗಾಜಿನ ಸಣ್ಣ ಕೋಣೆ, ಒಳಗೊಂದು ಪ್ಲಾಸ್ಟಿಕ್ ಗಿಡ. ಕೆಟ್ಟ ಕರೆ ಬಂದರೆ ಎರಡು ನಿಮಿಷ ಅಲ್ಲಿ ಕೂತು ಬರಬಹುದು ಅಂದರು. ಅಷ್ಟೂ ಜನರ ನಡುವೆ ನಿನ್ನ ದನಿಯೊಂದೇ ನನ್ನ ಕಿವಿಗೆ ಬಿತ್ತು. "ನಾನು ಲೈನಲ್ಲೇ ಇದ್ದೀನಿ, ಎಲ್ಲೂ ಹೋಗಲ್ಲ, ನಾನು ಹೇಳಿದ ಹಾಗೆ ಮಾಡಿ." ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದೆ. ಮನೆಯಲ್ಲಿ ನಿದ್ದೆಯಲ್ಲೂ ಹೇಳುತ್ತೀಯ ಎಂದು ನಿನ್ನ ಗಂಡ ಹೇಳಿದ ಮೇಲೆ ನಾನು ನಿನಗೆ ಗಿಣಿ ಎಂದು ಹೆಸರಿಟ್ಟೆ. ಕುಹಕಕ್ಕೇ ಇಟ್ಟದ್ದು, ಆಮೇಲೆ ಅದೇ ಮುದ್ದಿನ ಹೆಸರಾಯಿತು.

ಎಲ್ಲೂ ಹೋಗಲ್ಲ ಅನ್ನುತ್ತೀಯ, ಆಂಬುಲೆನ್ಸಿನವರು ಆ ಮನೆಯೊಳಗೆ ಕಾಲಿಟ್ಟ ಕೂಡಲೇ ಲೈನು ಕತ್ತರಿಸಬೇಕು. ನಿಯಮ. ಮರುಕ್ಷಣ ಇನ್ನೊಂದು ಕರೆ. ಹಿಂದಿನವರು ಏನಾದರು ಎಂದು ವಿಚಾರಿಸಬಾರದು, ಅವರನ್ನು ಭೇಟಿಯಾಗಬಾರದು. ಅದೂ ನಿಯಮ, ನಿಮ್ಮ ಒಳ್ಳೆಯದಕ್ಕೇ ಅಂತೆ. ಹುರುಳಿಕಾಯಿ ನಾರು ತೆಗೆಯುತ್ತ ಒಂದು ಸಂಜೆ ನೀನು, "ನನ್ನ ತಲೆ ತುಂಬ ಮುಗೀದೇ ಇರೋ ಜನ ಅತ್ತೆ" ಅಂದಿದ್ದೆ. ನನ್ನದು ತಿರುಗುಮುರುಗು. ಆಸ್ಪತ್ರೆಯಲ್ಲಿ ಆಯಾ ಆಗಿದ್ದಷ್ಟು ಕಾಲವೂ ನಾನು ನೋಡಿದ್ದು ಕೊನೆಗಳನ್ನೇ. ಯಾರು ಹೇಗೆ ಬಿದ್ದರು, ಯಾರು ಕೂಗಿದರು, ಯಾರು ಫೋನು ಮಾಡಿದರು, ಒಂದೂ ನಮಗೆ ಬೇಕಿರಲಿಲ್ಲ. ಸ್ಟ್ರೆಚರು ಬಾಗಿಲು ದಾಟಿ ಒಳಗೆ ಬಂದರೆ ಅಲ್ಲಿಂದ ನಮ್ಮ ಪಾಲು. ನಿನ್ನವರು ಕೊನೆಗೆ ಏನಾದರು ಎಂದು ನನ್ನ ಹಳೆಯ ಪರಿಚಯದ ಸಿಸ್ಟರನ್ನು ಕೇಳಿ ತಿಳಿಸಿ ಎಂದು ನೀನು ಎಷ್ಟು ಸಲ ಕೇಳಿದೆ! ನಾನು ರಿಟೈರಾದವಳು, ನನ್ನನ್ನು ಬಿಟ್ಟುಬಿಡು ಎಂದೆ. ಬಿಟ್ಟುಬಿಟ್ಟೆ ನೀನು, ಹಟ ಮಾಡುವ ಸ್ವಭಾವ ನಿನ್ನದಲ್ಲ.

ಆ ಹಸಿವನ್ನು ನಗು ಮೇಡಂ ಹೇಗೋ ಮೂಸಿ ಕಂಡುಹಿಡಿದಳು. ಅದಕ್ಕೇ ಸಂತೋಷದ ಬೋರ್ಡು. ಗೋಡೆಯ ಮೇಲೆ ಹಳದಿ ಕಾಗದ ಅಂಟಿಸಿ, 'ಇವರು ಬದುಕಿದರು, ನಿಮ್ಮಿಂದ' ಎಂದು ಬರೆದು, ಕೆಳಗೆ ಕರೆ ಎತ್ತಿದವರ ಹೆಸರು. ನಿಯಮ ಮುರಿದ ಹಾಗೂ ಆಗಬಾರದು, ಹುಡುಗಿಯರು ಹುರುಪಾಗಿಯೂ ಇರಬೇಕು. ಮೂಗಿಗೆ ತುಪ್ಪ ಸವರುವ ಕೆಲಸ ಎಂದು ನನಗೆ ಮೊದಲ ದಿನವೇ ಅನ್ನಿಸಿತ್ತು, ಆದರೆ ನೀನು ಎಷ್ಟೋ ದಿನದ ಮೇಲೆ ಎರಡನೇ ಸಲ ಊಟ ಬಡಿಸಿಕೊಂಡೆ, ಅದನ್ನು ನೋಡಿ ಬಾಯಿ ಮುಚ್ಚಿಕೊಂಡೆ. ಈ ಬೋರ್ಡಿಗೆ ಸುದ್ದಿ ಎಲ್ಲಿಂದ ಬರುತ್ತಿತ್ತು ಅಂದರೆ, ಪಾಳಿ ಮುಗಿಸಿ ಬರುವ ಆಂಬುಲೆನ್ಸಿನವರನ್ನು ಮೇಡಂ ಕೇಳುತ್ತಿದ್ದಳು, ಜೀವ ಇತ್ತಾ ಎಂದು. ಆಸ್ಪತ್ರೆಯ ಬಾಗಿಲವರೆಗೆ ಇತ್ತು ಮೇಡಂ ಅನ್ನುತ್ತಿದ್ದರು. ಅಷ್ಟು ಸಾಕು, ಹಳದಿ ಕಾಗದ ಅಂಟುತ್ತಿತ್ತು. ಆಂಬುಲೆನ್ಸಿನವರನ್ನು ನಾನು ಬೈಯುವುದಿಲ್ಲ. ಅವರ ಲೆಕ್ಕವೇ ಅದು, ಬಾಗಿಲಲ್ಲಿ ಸ್ಟ್ರೆಚರು ಒಪ್ಪಿಸಿ ಗಾಡಿ ತಿರುಗಿಸಿದರೆ ಅವರ ಪಾಲಿನ ಕೆಲಸ ಮುಗಿಯಿತು, ಉಸಿರಿರುವವರನ್ನು ಒಪ್ಪಿಸಿದರೆ ಗೆದ್ದ ಹಾಗೆ. ಮೇಡಂ ಕೂಡ ಅದನ್ನೇ ಬದುಕಿದ ಲೆಕ್ಕ ಎಂದು ತಿಳಿದಳು. ಯಾರೂ ಸುಳ್ಳು ಹೇಳಲಿಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಸುಳ್ಳು ಹೇಳಿದ್ದರೆ ಹಿಡಿದು ಬೈಯಬಹುದಿತ್ತು.

ಇಸ್ತ್ರಿ ಅಂಗಡಿಯವಳೊಬ್ಬಳು ಮಗನಿಗಾಗಿ ಕರೆ ಮಾಡಿದ ದಿನ ನೀನು ಮನೆಗೆ ಬಂದವಳೇ ನನ್ನ ಮುಂದೆ ನಿಂತು ಎರಡೂ ಕೈ ತೋರಿಸಿದೆ, ನೋಯುತ್ತಿವೆ ಅತ್ತೆ ಎಂದು. ಅಂಗಡಿಯ ವೈರು ಸರಿಮಾಡಲು ಹೋಗಿ ಹುಡುಗನಿಗೆ ಶಾಕ್ ಹೊಡೆದಿತ್ತು. ಅಂಗಡಿಯಲ್ಲಿ ಅವನ ತಾಯಿ ಒಬ್ಬಳೇ. ಮೊದಲು ಮೇನ್ ಸ್ವಿಚ್ಚು ಆರಿಸಲು ಹೇಳಿ, ಫೋನನ್ನು ಜೋರಿಗೆ ಹಾಕಿ ಪಕ್ಕದಲ್ಲಿಡಿಸಿ, ಮಗನ ಎದೆಯ ಮೇಲೆ ಎರಡೂ ಅಂಗೈ ಇರಿಸಿ, ಒತ್ತಿ, ಒತ್ತಿ, ನನ್ನ ಜೊತೆ ಎಣಿಸುತ್ತ ಒತ್ತಿ ಎಂದು ಆಂಬುಲೆನ್ಸು ಬರುವವರೆಗೂ ಹೇಳಿದೆಯಂತೆ. ಆಫೀಸಿನಲ್ಲಿ ಕೂತ ನೀನೂ ಮೇಜನ್ನು ಒತ್ತುತ್ತಿದ್ದೆಯಂತೆ, ಕೈ ನೋವು ಅದರದ್ದು. ಎರಡು ದಿನ ಊಟವಿಲ್ಲ, ಮಾತಿಲ್ಲ. ಆಮೇಲೆ ಬೋರ್ಡಿನಲ್ಲಿ ಆ ಹುಡುಗನ ಹಳದಿ ಕಾಗದ ಬಂತು. ಅವತ್ತು ನೀನು ಕೇಕು ತಂದೆ. ಟೈಲರ್ ಮನೆಗೂ ಹಂಚಿದೆ. ನಿನ್ನ ಗಂಡನ ಕೈ ಹಿಡಿದು ಅಡುಗೆಮನೆಯಲ್ಲೇ ಒಂದು ಸುತ್ತು ತಿರುಗಿದೆ, ನನ್ನ ಮುಂದೆಯೇ, ನಾಚಿಕೆಗೆಟ್ಟವಳು. ನಾನೂ ಒಂದು ತುಂಡು ತಿಂದು, ಸಿಹಿ ಜಾಸ್ತಿ ಎಂದೆ.

ಮುಂದಿನ ವಾರ ತರಕಾರಿ ಅಂಗಡಿಯಲ್ಲಿ ಆ ಸಿಸ್ಟರ್ ಸಿಕ್ಕಳು. ನಾನು ಏನೂ ಕೇಳಿರಲಿಲ್ಲ, ನಮ್ಮವರಿಗೆ ಮಾತಾಡಲು ಬೇರೆ ವಿಷಯವೂ ಇರುವುದಿಲ್ಲ. ಶಾಕ್ ಹೊಡೆದ ಹುಡುಗನೊಬ್ಬ ಬಂದಿದ್ದ ಕಣೇ, ಇಸ್ತ್ರಿಯವಳ ಮಗ, ತಾಯಿಯೇ ಒತ್ತಿ ಉಸಿರು ಹಿಡಿದಿಟ್ಟಿದ್ದಳು, ಮೂರನೇ ದಿನ ಹೋಗಿಬಿಟ್ಟ ಎಂದಳು. ಕೈಯಲ್ಲಿದ್ದ ಚೀಲ ಅಲ್ಲೇ ಇಟ್ಟು ಕೂತೆ. ಮನೆಗೆ ಹೇಗೆ ಬಂದೆನೋ. ಬಂದರೆ ನೀನು ಅಂಗಳದಲ್ಲಿ ಫೋನು ಹಿಡಿದು ನಿಂತಿದ್ದೆ, ಮುಖ ಅರಳಿತ್ತು. ಆಫೀಸಿನ ವಾರ್ಷಿಕ ಸಮಾರಂಭಕ್ಕೆ ಬದುಕಿ ಉಳಿದವರನ್ನು ಕರೆಸಿ, ಕರೆ ಎತ್ತಿದವರ ಕೈಯಿಂದಲೇ ಹೂವು ಕೊಡಿಸುತ್ತಾರೆ, ಆ ತಾಯಿಯ ನಂಬರನ್ನು ಮೇಡಂ ಕೊಟ್ಟಿದ್ದಾಳೆ, ಈಗಲೇ ಕರೆಯುತ್ತೇನೆ ಎಂದೆ. ನೋಡು, ಭೇಟಿಯಾಗಬಾರದು ಅನ್ನುವ ನಿಯಮ ಸಮಾರಂಭಕ್ಕೆ ಲಾಗೂ ಆಗುವುದಿಲ್ಲ! ನಿನ್ನ ಬೆರಳು ನಂಬರಿನ ಮೇಲೆಯೇ ಇತ್ತು. ಮಗನನ್ನು ಮಣ್ಣು ಮಾಡಿ ವಾರವಾಗದ ತಾಯಿಗೆ, ಅವನನ್ನು ಕರೆದುಕೊಂಡು ಬನ್ನಿ ಹೂವು ಕೊಡುತ್ತೇವೆ ಎಂದು ನೀನು ಹೇಳುವವಳಿದ್ದೆ. "ಫೋನು ಇಡು. ಆ ಹುಡುಗ ಇಲ್ಲ. ಮೂರನೇ ದಿನವೇ ಹೋದ" ಎಂದು ನಾನು ಕೂಗಿದೆ. ಕೂಗಿದೆ, ಹೌದು. ಮೆತ್ತಗೆ ಹೇಳುವ ವಿದ್ಯೆ ನನಗೆ ಬರುವುದಿಲ್ಲ, ಬರುತ್ತಿದ್ದರೂ ಅಷ್ಟು ಹೊತ್ತು ಎಲ್ಲಿತ್ತು?

ನೀನು ಅಳಲಿಲ್ಲ. ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಅದು ಇವತ್ತಿಗೂ ಅಲ್ಲೇ ಇದೆ, ಧೂಳು ಒರೆಸಿ ಮತ್ತೆ ಅಲ್ಲೇ ಇಡುತ್ತೇನೆ. ಆ ರಾತ್ರಿಯೆಲ್ಲ ನೀನು ಆಡಿದ್ದು ಒಂದೇ ಮಾತು, "ನಾನು ಎಣಿಸಿದ್ದು ನಿಧಾನ ಆಯ್ತೇನೋ ಅತ್ತೆ." ಬೆಳಿಗ್ಗೆ ಅಕ್ಕನ ಮನೆಗೆ ಹೊರಟೆ. ನಾನು ಹೇಳಿದ್ದು ತಪ್ಪು ಎಂದು ಇಡೀ ಬೀದಿ ಬಂದು ಹೇಳಿದರೂ ಒಪ್ಪುವುದಿಲ್ಲ ಗಿಣಿ. ನಿನಗೆ ಬೇಕಾಗಿದ್ದದ್ದು ಕೊನೆ. ಅವರು ಅದರ ಜಾಗದಲ್ಲಿ ಹಳದಿ ಕಾಗದ ಕೊಟ್ಟರು. ಕೆಟ್ಟ ಕೊನೆಯಾದರೂ ಕೊನೆಯೇ, ಅದನ್ನು ಹಿಡಿದುಕೊಂಡು ಅಳಬಹುದು.

ನಮ್ಮ ಕಾಲದಲ್ಲಿ ಯಾರೂ ನಮ್ಮ ಮನಸ್ಸು ಕೇಳಲಿಲ್ಲ, ನಾವೇನು ಸತ್ತೆವಾ ಎಂದು ನಿನಗೆ ಆಗಾಗ ಹೇಳುತ್ತಿದ್ದೆ. ಈಗ ಕೂತು ಯೋಚಿಸುತ್ತೇನೆ. ವಾರ್ಡಿನ ಹಿಂದೆ ನಮ್ಮದೊಂದು ಬಟ್ಟೆ ಕೋಣೆ ಇತ್ತು. ಯಾರಾದರೂ ತೀರಿಕೊಂಡರೆ ಆ ಹಾಸಿಗೆಯ ಚಾದರ ಒಗೆದು ಬಂದ ಮೇಲೆ ಇಬ್ಬರು ಆಯಾಗಳು ಸೇರಿ ಮಡಚುತ್ತಿದ್ದೆವು. ಆಸ್ಪತ್ರೆಯ ಚಾದರ ದೊಡ್ಡದು, ಒಬ್ಬಳ ಕೈಯಲ್ಲಿ ಮಡಚಲಿಕ್ಕಾಗದು. ನಾನೂ ದಪ್ಪಕ್ಕನೂ ಜೋಡಿ. ಆ ತುದಿ ಅವಳು, ಈ ತುದಿ ನಾನು. ಮಡಚುತ್ತ ಡಾಕ್ಟರರನ್ನು ಬೈಯುವುದು, ಸತ್ತವರ ಬಗ್ಗೆ ಹೇಳಬಾರದ ಜೋಕು ಹೇಳಿ ನಗುವುದು, ನಗುತ್ತ ನಗುತ್ತ ಅತ್ತುಬಿಡುವುದು. ಮಡಚಿದ್ದಾದರೆ ಕಣ್ಣೊರೆಸಿಕೊಂಡು ವಾರ್ಡಿಗೆ. ಅದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ, ಮೇಡಂ ಇರಲಿಲ್ಲ. ಆಮೇಲೆ ಬಟ್ಟೆಯನ್ನು ಹೊರಗಿನವರಿಗೆ ಕಂಟ್ರಾಕ್ಟು ಕೊಟ್ಟರು. ಚಾದರ ಮೂಟೆಯಲ್ಲಿ ಹೋಗಿ ಮಡಚಿಕೊಂಡೇ ಬರತೊಡಗಿತು. ನಿಮಗೆ ಶ್ರಮ ಕಡಿಮೆ ಮಾಡಿದ್ದೇವೆ ಅಂದರು. ದಪ್ಪಕ್ಕ ನಿದ್ದೆ ಮಾತ್ರೆಗೆ ಬಿದ್ದಳು. ಒಂದು ದಿನ ಕೆಲಸಕ್ಕೆ ಬರಲಿಲ್ಲ. ಹೃದಯ ನಿಂತಿತು ಅಂದರು, ನಾವೂ ಹೌದು ಅಂದೆವು. ನಾವೇನು ಸತ್ತೆವಾ ಎಂದು ಕೇಳುತ್ತಿದ್ದೆನಲ್ಲ, ಸತ್ತೆವು. ದಪ್ಪಕ್ಕ ಸತ್ತಳು. ನಾನು ಉಳಿದೆ, ಹೇಗೆ ಉಳಿದೆ ಎಂದು ನಿನ್ನ ಗಂಡನನ್ನು ಕೇಳು. ಅಮ್ಮ ಕೆಲಸದಿಂದ ಬಂದು ಚೀಲ ಇಡುವ ಸದ್ದು ಕೇಳಿಯೇ ಇವತ್ತು ಮಾತಾಡಿಸಬಹುದೋ ಇಲ್ಲವೋ ಎಂದು ತಿಳಿಯುತ್ತಿತ್ತು ಎಂದು ಮೊನ್ನೆ ಹೇಳಿದ. ಲಿಫ್ಟಿನ ಸದ್ದು ಕೇಳಿ ಎಲ್ಲಿ ಕೆಟ್ಟಿದೆ ಎಂದು ಹೇಳುವ ವಿದ್ಯೆಯನ್ನು ಹಾಗೆ ಕಲಿತನೋ ಏನೋ.

ಆದ್ದರಿಂದ ಆ ಗಡುವಿಗೆ ಹೆದರಿ ಬರಬೇಡ. ಕುರ್ಚಿ ಹೋದರೆ ಹೋಗಲಿ, ಊರಲ್ಲಿ ಕುರ್ಚಿಗೆ ಬರವಿಲ್ಲ. ಮತ್ತೆ ಆ ಕೆಲಸವೇ ಬೇಕು ಅನ್ನಿಸಿದರೆ ಬೇಡ ಅನ್ನುವವಳೂ ನಾನಲ್ಲ, ನಿನ್ನ ದನಿ ಕೇಳಿ ಉಳಿದವರೂ ಇದ್ದಾರೆ. ಮೇಡಂ ಬಂದರೆ ನನಗೆ ಬಿಡು. ನೀನು ಹೊತ್ತು ಹೊತ್ತಿಗೆ ಊಟ ಮಾಡು, ಅಕ್ಕನ ಮಾತು ಕೇಳು, ತೊಳೆದ ಪಾತ್ರೆ ತೊಳೆದು ಅವಳ ಸೋಪು ಖಾಲಿ ಮಾಡಬೇಡ. ಬಾವನಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಮುತ್ತು. ನಿನ್ನ ಗಂಡ ನಾಳೆ ಈ ಕಾಗದ ತರುತ್ತಾನೆ. ಅವನ ಜೊತೆ ಮಾತಾಡು, ಆಗದಿದ್ದರೆ ಪಕ್ಕದಲ್ಲಿ ಕೂರಿಸಿಕೋ, ಸುಮ್ಮನೆ ಕೂರುವುದು ಅವನಿಗೆ ಚೆನ್ನಾಗಿ ಬರುತ್ತದೆ. ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ ನಿನ್ನದಾಗಲಿ.

ಇತಿ ನಿನ್ನ ಬಾಯಿಬಡುಕಿ,
ಅತ್ತೆ

ಮರೆತಿದ್ದೆ ಎಂದು ಬರೆಯಲು ಹೊರಟೆ, ಮರೆತಿರಲಿಲ್ಲ. ಇದನ್ನು ಬರೆಯುವುದು ತಪ್ಪಲಿ ಎಂದೇ ಇಷ್ಟುದ್ದ ಬರೆದೆ. ನಿನ್ನ ಗಂಡನಿಗೂ ಹೇಳಿಲ್ಲ. ಮೊನ್ನೆ ಮಂಗಳವಾರ ಆ ಇಸ್ತ್ರಿಯವಳು ಮನೆಗೆ ಬಂದಿದ್ದಳು. ಫೋನಿನಲ್ಲಿದ್ದ ಹುಡುಗಿಯನ್ನು ನೋಡಬೇಕು ಎಂದು ನಿಮ್ಮ ಆಫೀಸಿಗೆ ಹೋಗಿದ್ದಳಂತೆ. ನಿಯಮದಲ್ಲಿ ಅವಕಾಶ ಇಲ್ಲ ಎಂದು ಮೇಡಂ ನಗುತ್ತಲೇ ಕಳಿಸಿದಳಂತೆ. ಆಮೇಲೆ ವಾರ್ಡಿಗೆ ಹೋಗಿ ಕೇಳಿದಾಗ, ಕರೆ ಎತ್ತಿದ್ದು ನನ್ನ ಸೊಸೆ ಎಂದು ಅವತ್ತು ತರಕಾರಿ ಅಂಗಡಿಯಲ್ಲಿ ನಾನೇ ಹೇಳಿದ್ದರಿಂದ, ಸಿಸ್ಟರ್ ನಮ್ಮ ಮನೆ ತೋರಿಸಿದ್ದಾಳೆ. ನೀನು ಕೂರುವ ಜಾಗದಲ್ಲೇ ಕೂತಳು. ನೀರು ಕೊಟ್ಟೆ, ಕುಡಿಯಲಿಲ್ಲ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ಅಕ್ಕಾ, ಒತ್ತುವಾಗ ಎದೇಲಿ ಕಟ್ ಅಂತ ಸದ್ದು ಬಂತು. ನನ್ನ ಕೈಯಿಂದ್ಲೇ ಮಗನ ಎಲುಬು ಮುರೀತು ಅಂತ ಹೆದರಿ ಕೈ ತೆಗೆದುಬಿಟ್ಟೆ. ಆ ಹುಡುಗಿ ನಿಲ್ಲಿಸಬೇಡಿ, ನನ್ನ ಜೊತೆ ಎಣಿಸಿ ಅಂತಿದ್ದಳು. ಎಣಿಸಿದೆ. ಬಾಯಲ್ಲಿ ಮಾತ್ರ. ಕೈ ಮಡಿಲಲ್ಲಿತ್ತು. ಎಷ್ಟು ಹೊತ್ತೋ ಗೊತ್ತಿಲ್ಲ, ಆಮೇಲೆ ಮತ್ತೆ ಒತ್ತಿದೆ. ಅವಳು ಪಾಪ ನನ್ನನ್ನ ನಂಬಿ ಎಣಿಸ್ತಾನೇ ಇದ್ದಳು. ಆ ಹೊತ್ತಿನಿಂದ್ಲೇ ಹೋದನಾ ಅಕ್ಕಾ ಅವನು? ಡಾಕ್ಟರನ್ನ ಕೇಳೋಕೆ ಬಾಯಿ ಬರಲ್ಲ, ಮನೇಲಿ ಯಾರಿಗೂ ಗೊತ್ತಿಲ್ಲ. ಅವತ್ತು ಅಲ್ಲಿದ್ದದ್ದು ನಾನು, ಅವಳು, ಇಬ್ಬರೇ."

ನೋಡು ಗಿಣಿ. ಇವಳು ತನ್ನ ಕೈ ಅನ್ನುತ್ತಾಳೆ, ನೀನು ನಿನ್ನ ಎಣಿಕೆ ಅನ್ನುತ್ತೀಯ, ಇಬ್ಬರೂ ಒಬ್ಬನೇ ಹುಡುಗನನ್ನು ಹೊತ್ತುಕೊಂಡು ಊಟ ಬಿಟ್ಟು ಕೂತಿದ್ದೀರಿ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಮತ್ತೆ ಬಾ ಎಂದು ಕಳಿಸಿದ್ದೇನೆ. ಅವಳನ್ನು ನೋಡಿದರೆ ನಿನಗೆ ಒಳ್ಳೆಯದಾಗುತ್ತದೋ ಇನ್ನಷ್ಟು ಕುಸಿಯುತ್ತೀಯೋ ನನಗೆ ತಿಳಿಯದು, ಮೇಡಂ ಹೇಳುವ ನಿಯಮವೇ ಸರಿಯೂ ಇರಬಹುದು. ಬರಲಾ ಬೇಡವಾ ಎಂದು ನನ್ನನ್ನು ಕೇಳಬೇಡ. ಬರಲಾಗದಿದ್ದರೆ ಅವಳಿಗೆ ಹೇಳಲು ಒಂದು ಸಾಲು ಬರೆದು ಗಂಡನ ಕೈಯಲ್ಲಿ ಕಳಿಸು. ಸಮಾಧಾನದ ಮಾತು ಬೇಡ, ಅದು ನನಗೂ ಬರುತ್ತದೆ. ಇಷ್ಟು ವರ್ಷದಲ್ಲಿ ನೀನು ಎಷ್ಟೋ ತಾಯಂದಿರಿಗೆ ಎಣಿಸಿದ್ದೀಯ, ನೀನು ಕೇಳಿಸಿಕೊಂಡ ನಿಜ ಹೇಳು. ಎಲುಬಿನ ಸದ್ದು ಕೇಳಿದಾಗ ಎಲ್ಲ ತಾಯಂದಿರೂ ಕೈ ತೆಗೆಯುತ್ತಾರಾ?